ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮೇಲೆ ರೋಗಿಯ ಹಕ್ಕು ಮತ್ತು ಅನುಮತಿ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಜನರ ಚಿಕಿತ್ಸೆಯು ಅನೇಕ ವೇಳೆ ಒಂದೇ ಆಸ್ಪತ್ರೆಯಲ್ಲಿ ಮುಗಿಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರಂಭವಾದ ತಪಾಸಣೆಯು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಮುಂದುವರಿಯುತ್ತದೆ. ಇಂಡಿ ಭಾಗದವರು ಸೊಲ್ಲಾಪುರಕ್ಕೆ, ಸಿಂದಗಿ ಭಾಗದವರು ಕಲಬುರಗಿಗೆ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದವರು ಬಾಗಲಕೋಟೆಗೆ ಹೋಗುವುದೂ ಉಂಟು. ದುಡಿಯಲು ಮಹಾರಾಷ್ಟ್ರ ಮತ್ತು ಗೋವಾ ರಾಜ್ಯಗಳಿಗೆ ಗುಳೆ ಹೋಗುವ ಕುಟುಂಬಗಳು ಅಲ್ಲಿಯೇ ಚಿಕಿತ್ಸೆ ಪಡೆದು ಮರಳುತ್ತವೆ. ಹೀಗಿರುವಾಗ ಚೀಟಿಗಳೆಲ್ಲವೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಉಳಿಯುತ್ತವೆ. ಚೀಲ ಕಳೆದರೆ ರಕ್ತಪರೀಕ್ಷೆ ಹಾಗೂ ಸ್ಕ್ಯಾನಿಂಗ್ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ಹೊಸ ವೈದ್ಯರಿಗೆ ತಿಳಿಯದೇ ಹೋಗಬಹುದು.

ಈ ತೊಂದರೆಯನ್ನು ನಿವಾರಿಸುವ ಉದ್ದೇಶದಿಂದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ವ್ಯವಸ್ಥೆಯನ್ನು ಜಾರಿಗೆ ತರಲಾಗಿದೆ. ಆದರೆ ಕಾಗದದ ಚೀಟಿಯು ಮನೆಯ ಪೆಟ್ಟಿಗೆಯಲ್ಲಿರುವಾಗ ಅದನ್ನು ಯಾರಿಗೆ ತೋರಿಸಬೇಕೆಂಬುದು ರೋಗಿಯ ಇಚ್ಛೆಗೆ ಸೇರಿತ್ತು. ದಾಖಲೆಯು ಗಣಕಯಂತ್ರಕ್ಕೆ ಸೇರಿದ ನಂತರವೂ ಆ ಅಧಿಕಾರ ರೋಗಿಯ ಕೈಯಲ್ಲಿಯೇ ಉಳಿಯಬೇಕಾಗಿದೆ. ಅದು ಉಳಿಯುವ ಬಗೆ ಹೇಗೆ, ಎಲ್ಲಿ ಕೈ ತಪ್ಪುವ ಸಂಭವವಿದೆ ಮತ್ತು ತಪ್ಪಿದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಈ ತಾಲ್ಲೂಕುಗಳಿಂದ ಈಚಿನ ವರ್ಷಗಳಲ್ಲಿ ಬೇರ್ಪಟ್ಟ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ಕೊಲ್ಹಾರ ಮತ್ತು ನಿಡಗುಂದಿ ತಾಲ್ಲೂಕುಗಳ ಸಾರ್ವಜನಿಕರಿಗೂ ಈ ಮಾಹಿತಿ ಅನ್ವಯಿಸುತ್ತದೆ.

2. ದಾಖಲೆಯ ಒಡೆತನ ಯಾರದು?

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳ ಪ್ರಕಾರ, ಆಸ್ಪತ್ರೆಯು ಸಿದ್ಧಪಡಿಸಿದ ದಾಖಲೆಯನ್ನು ಆ ಆಸ್ಪತ್ರೆಯು ರೋಗಿಯ ಪರವಾಗಿ ವಿಶ್ವಾಸದ ಮೇಲೆ ಇರಿಸಿಕೊಂಡಿರುತ್ತದೆ. ಅದರಲ್ಲಿರುವ ಸೂಕ್ಷ್ಮ ವೈಯಕ್ತಿಕ ಮಾಹಿತಿಯ ಒಡೆತನ ರೋಗಿಯದಾಗಿರುತ್ತದೆ.

ಇದನ್ನು ಬ್ಯಾಂಕ್ ಖಾತೆಗೆ ಹೋಲಿಸಿ ತಿಳಿಯಬಹುದಾಗಿದೆ. ಹಣ ಬ್ಯಾಂಕಿನಲ್ಲಿದ್ದರೂ ಅದು ಖಾತೆದಾರನ ಹಣ. ಖಾತೆದಾರನ ಸಹಿ ಇಲ್ಲದೆ ಬ್ಯಾಂಕು ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಅಂತೆಯೇ ಆರೋಗ್ಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆಗೆ ಅಥವಾ ವಿಮಾ ಸಂಸ್ಥೆಗೆ ಕಳುಹಿಸಲು ರೋಗಿಯ ಅನುಮತಿ ಅವಶ್ಯಕ.

3. ಆಭಾ ಸಂಖ್ಯೆ ಎಂದರೇನು?

ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಮಿಷನ್ ಅನ್ನು ದಿನಾಂಕ 15-08-2020ರಂದು ಘೋಷಿಸಿ, ಮೊದಲಿಗೆ 6 ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಲಾಯಿತು. ದಿನಾಂಕ 27-09-2021ರಂದು ಅದನ್ನು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶದಾದ್ಯಂತ ವಿಸ್ತರಿಸಲಾಯಿತು. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು ಇದರ ಅನುಷ್ಠಾನ ಸಂಸ್ಥೆಯಾಗಿರುತ್ತದೆ.

ಈ ಯೋಜನೆಯಡಿ ನಾಗರಿಕರಿಗೆ 14 ಅಂಕಿಗಳ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ, ಅಂದರೆ ಆಭಾ ಸಂಖ್ಯೆಯನ್ನು ಉಚಿತವಾಗಿ ನೀಡಲಾಗುತ್ತದೆ. ಇದರೊಂದಿಗೆ ನೆನಪಿನಲ್ಲಿಡಲು ಸುಲಭವಾದ ಆಭಾ ವಿಳಾಸವನ್ನೂ ಪಡೆಯಬಹುದಾಗಿದೆ. ಈ ಬಗ್ಗೆ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಅ) ಆಭಾ ಪಡೆಯುವುದು ಐಚ್ಛಿಕ. ಆಭಾ ಇಲ್ಲವೆಂಬ ಕಾರಣಕ್ಕೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.

ಆ) ಆಭಾ ಎಂಬುದು ಚಿಕಿತ್ಸಾ ವೆಚ್ಚದ ಕಾರ್ಡ್ ಅಲ್ಲ. ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸಾ ಸೌಲಭ್ಯವು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಗೆ ಸಂಬಂಧಿಸಿದ್ದು, ಅದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತದೆ. ಎರಡೂ ಕಾರ್ಡ್‌ಗಳ ಮೇಲೆ ಆಯುಷ್ಮಾನ್ ಎಂಬ ಪದವಿರುವುದರಿಂದ ಗೊಂದಲಕ್ಕೆ ಒಳಗಾಗಬಾರದು.

ಇ) ಆಭಾ ಸಂಖ್ಯೆ ಪಡೆದ ಮಾತ್ರಕ್ಕೆ ಹಳೆಯ ದಾಖಲೆಗಳು ತಾವಾಗಿ ಅದರಲ್ಲಿ ಸೇರುವುದಿಲ್ಲ. ಈ ಜಾಲಕ್ಕೆ ಸೇರ್ಪಡೆಯಾದ ಆಸ್ಪತ್ರೆ ಅಥವಾ ಪ್ರಯೋಗಾಲಯವು ರೋಗಿಯ ಒಪ್ಪಿಗೆಯಿಂದ ಜೋಡಿಸಿದ ದಾಖಲೆಗಳು ಮಾತ್ರ ಕಾಣುತ್ತವೆ.

ಈ) ಈ ವ್ಯವಸ್ಥೆಯಲ್ಲಿ ಎಲ್ಲ ರೋಗಿಗಳ ದಾಖಲೆಗಳನ್ನು ಒಂದೇ ಸ್ಥಳದಲ್ಲಿ ರಾಶಿ ಹಾಕುವುದಿಲ್ಲ. ದಾಖಲೆಯು ಅದನ್ನು ಸಿದ್ಧಪಡಿಸಿದ ಆಸ್ಪತ್ರೆಯಲ್ಲಿಯೇ ಉಳಿಯುತ್ತದೆ. ಅನುಮತಿ ದೊರೆತಾಗ ಅದರ ಪ್ರತಿಯು ಗೂಢಲಿಪಿಯ ರೂಪದಲ್ಲಿ, ಅನುಮತಿ ಪಡೆದವರಿಗೆ ಮಾತ್ರ ರವಾನೆಯಾಗುತ್ತದೆ.

4. ಅನುಮತಿಯ ವಿವರ

ಒಂದು ಆಸ್ಪತ್ರೆಯು ತಮ್ಮ ಹಳೆಯ ದಾಖಲೆಗಳನ್ನು ನೋಡಲು ಬಯಸಿದಲ್ಲಿ ತಮ್ಮ ಮೊಬೈಲ್‌ನಲ್ಲಿರುವ ಆಭಾ ಆ್ಯಪ್‌ಗೆ ಕೋರಿಕೆ ಬರುತ್ತದೆ. ಅದನ್ನು ಚೆಕ್ಕಿಗೆ ಸಹಿ ಮಾಡುವ ಮೊದಲು ಓದುವಂತೆ ಓದತಕ್ಕದ್ದು. ಕೋರಿಕೆಯಲ್ಲಿ ಈ ಕೆಳಗಿನ ಅಂಶಗಳಿರುತ್ತವೆ.

ಅ) ಕೇಳುತ್ತಿರುವವರು ಯಾರು: ಆಸ್ಪತ್ರೆ ಅಥವಾ ಸಂಸ್ಥೆಯ ಹೆಸರು.

ಆ) ಯಾವ ಉದ್ದೇಶಕ್ಕೆ: ಚಿಕಿತ್ಸೆ, ವೆಚ್ಚದ ಪಾವತಿ, ಸಾರ್ವಜನಿಕ ಆರೋಗ್ಯ, ಸಂಶೋಧನೆ ಇತ್ಯಾದಿ.

ಇ) ಯಾವ ಬಗೆಯ ದಾಖಲೆ: ಔಷಧಿ ಚೀಟಿ, ಪ್ರಯೋಗಾಲಯದ ವರದಿ, ಹೊರರೋಗಿ ತಪಾಸಣೆಯ ಟಿಪ್ಪಣಿ, ಡಿಸ್ಚಾರ್ಜ್ ಸಾರಾಂಶ, ಲಸಿಕೆ ದಾಖಲೆ ಇತ್ಯಾದಿ.

ಈ) ಯಾವ ಅವಧಿಯ ದಾಖಲೆ: ಇಂತಹ ದಿನಾಂಕದಿಂದ ಇಂತಹ ದಿನಾಂಕದವರೆಗೆ.

ಉ) ಅನುಮತಿ ಎಲ್ಲಿಯವರೆಗೆ: ಅನುಮತಿ ಕೊನೆಗೊಳ್ಳುವ ದಿನಾಂಕ.

ಒಪ್ಪುವ ಮುನ್ನ ದಾಖಲೆಯ ಬಗೆ, ಅವಧಿ ಮತ್ತು ಕೊನೆಯ ದಿನಾಂಕವನ್ನು ಕಡಿಮೆ ಮಾಡಲು ಅವಕಾಶವಿರುತ್ತದೆ. ಕೋರಿಕೆಯನ್ನು ಪೂರ್ಣವಾಗಿ ತಿರಸ್ಕರಿಸಲೂಬಹುದು.

ಉದಾಹರಣೆ: ಇಂಡಿ ತಾಲ್ಲೂಕಿನ ಮಧುಮೇಹವುಳ್ಳ ಮಹಿಳೆಯೊಬ್ಬರು ಕಣ್ಣಿನ ತಪಾಸಣೆಗಾಗಿ ಸೊಲ್ಲಾಪುರದ ಆಸ್ಪತ್ರೆಗೆ ಹೋಗುತ್ತಾರೆ ಎಂದುಕೊಳ್ಳೋಣ. ಅಲ್ಲಿನ ವೈದ್ಯರಿಗೆ ಕಳೆದ ಒಂದು ವರ್ಷದ ರಕ್ತದ ಸಕ್ಕರೆಯ ವರದಿ ಮತ್ತು ಔಷಧಿ ಚೀಟಿಗಳು ಬೇಕಾಗಬಹುದು. ಐದು ವರ್ಷಗಳ ಹಿಂದೆ ಆದ ಗರ್ಭಪಾತದ ಅಥವಾ ಮನೋರೋಗ ಚಿಕಿತ್ಸೆಯ ದಾಖಲೆ ಆ ತಪಾಸಣೆಗೆ ಬೇಕಾಗಿಲ್ಲದಿದ್ದರೆ, ಒಂದು ವರ್ಷದ ಅವಧಿಗೆ ಮತ್ತು ಎರಡು ಬಗೆಯ ದಾಖಲೆಗಳಿಗೆ ಸೀಮಿತಗೊಳಿಸಿ, ಒಂದು ವಾರದಲ್ಲಿ ಮುಗಿಯುವಂತೆ ಅನುಮತಿ ನೀಡಿದರೆ ಸಾಕಾಗುತ್ತದೆ. ಆದರೆ ಒಗ್ಗದ ಔಷಧಿ, ಹೃದಯದ ತೊಂದರೆ ಹಾಗೂ ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ವಿವರವನ್ನು ಚಿಕಿತ್ಸೆ ನೀಡುವ ವೈದ್ಯರಿಂದ ಮರೆಮಾಚಬಾರದು. ಇದು ಜೀವಕ್ಕೆ ಸಂಬಂಧಿಸಿದ ವಿಷಯವಾಗಿರುತ್ತದೆ.

ಅನುಮತಿಯನ್ನು ಹಿಂಪಡೆಯುವುದು: ಕೊಟ್ಟ ಅನುಮತಿಯನ್ನು ಯಾವುದೇ ಸಮಯದಲ್ಲಿ ಹಿಂಪಡೆಯಬಹುದು. ಆದರೆ ಇದು ಚೆಕ್ಕಿನ ಪಾವತಿಯನ್ನು ತಡೆಹಿಡಿಯುವಂತೆಯೇ ಸರಿ. ನಗದಾಗುವ ಮೊದಲು ತಡೆದರೆ ಮಾತ್ರ ಪ್ರಯೋಜನ. ಹಿಂಪಡೆದ ನಂತರ ಹೊಸದಾಗಿ ದಾಖಲೆ ಪಡೆಯಲಾಗದು, ಆದರೆ ಅಷ್ಟರೊಳಗೆ ಓದಿ ತಿಳಿದುಕೊಂಡ ವಿಷಯವನ್ನು ಮರಳಿಸಲು ಸಾಧ್ಯವಿಲ್ಲ. ಆದುದರಿಂದ ಅವಧಿ ಹಾಗೂ ಬಗೆಯನ್ನು ನೋಡದೆ ಅನುಮತಿ ನೀಡುವುದು ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿ ಕೊಟ್ಟಂತೆ ಎಂಬುದನ್ನು ನೆನಪಿಡತಕ್ಕದ್ದು.

5. ಮೊಬೈಲ್ ಸಂಖ್ಯೆಯ ಬಗ್ಗೆ ವಿಶೇಷ ಎಚ್ಚರಿಕೆ

ಮೇಲೆ ವಿವರಿಸಿದ ಅಧಿಕಾರವೆಲ್ಲವೂ ವಾಸ್ತವದಲ್ಲಿ ಒಂದು ಮೊಬೈಲ್ ಸಂಖ್ಯೆಯ ಮೇಲೆ ನಿಂತಿದೆ. ಒ.ಟಿ.ಪಿ. ಯಾರ ಕೈಗೆ ಬರುತ್ತದೆಯೋ ನಿಯಂತ್ರಣವೂ ಅವರ ಕೈಗೆ ಹೋಗುವ ಸಂಭವವಿರುತ್ತದೆ. ಹಳ್ಳಿ ಮತ್ತು ತಾಂಡಾಗಳಲ್ಲಿ ಇಡೀ ಮನೆಗೆ ಒಂದೇ ಮೊಬೈಲ್ ಇರುವುದು, ಮನೆಯ ಯಜಮಾನರು ಗುಳೆ ಹೋಗುವಾಗ ಅದನ್ನು ಜೊತೆಗೆ ಒಯ್ಯುವುದು, ನೋಂದಣಿ ಮಾಡಿಸುವಾಗ ನೆರೆಯವರ ಅಥವಾ ಸೇವಾ ಕೇಂದ್ರದವರ ಸಂಖ್ಯೆಯನ್ನು ಕೊಡುವುದು ಸಾಮಾನ್ಯ. ಇಂತಹ ಸಂದರ್ಭದಲ್ಲಿ ರೋಗಿಯ ಹೆಸರಿನಲ್ಲಿ ಖಾತೆ ಇದ್ದರೂ ಬೀಗದ ಕೈ ಮತ್ತೊಬ್ಬರಲ್ಲಿರುತ್ತದೆ. ಆದುದರಿಂದ ಕೆಳಕಂಡ ಕ್ರಮಗಳನ್ನು ಅನುಸರಿಸಲು ಕೋರಲಾಗಿದೆ.

ಅ) ಆಭಾ ಖಾತೆಗೆ ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನೇ ನೀಡತಕ್ಕದ್ದು. ಸೇವಾ ಕೇಂದ್ರದವರ, ಮಧ್ಯವರ್ತಿಗಳ ಅಥವಾ ಪರಿಚಿತರ ಸಂಖ್ಯೆಯನ್ನು ನೀಡಬಾರದು. ಈಗಾಗಲೇ ನೀಡಿದ್ದಲ್ಲಿ ತಡಮಾಡದೆ ಬದಲಾಯಿಸಿಕೊಳ್ಳತಕ್ಕದ್ದು.

ಆ) ಒಂದೇ ಮೊಬೈಲ್ ಸಂಖ್ಯೆಯನ್ನು ಕುಟುಂಬದ ಒಂದಕ್ಕಿಂತ ಹೆಚ್ಚು ಸದಸ್ಯರು ಬಳಸುವುದು ಅನಿವಾರ್ಯವಾದಲ್ಲಿ, ಪ್ರತಿಯೊಬ್ಬರೂ ಪ್ರತ್ಯೇಕ ಆಭಾ ವಿಳಾಸ ಮತ್ತು ಪ್ರತ್ಯೇಕ ಪಾಸ್‌ವರ್ಡ್ ಇಟ್ಟುಕೊಂಡು, ಕೆಲಸ ಮುಗಿದ ಕೂಡಲೇ ಆ್ಯಪ್‌ನಿಂದ ಹೊರಬರುವುದು. ಇದರಿಂದ ಪೂರ್ಣ ರಕ್ಷಣೆ ದೊರೆಯುವುದಿಲ್ಲ, ಒ.ಟಿ.ಪಿ. ಮತ್ತು ಸಂದೇಶಗಳು ಅದೇ ಮೊಬೈಲ್‌ಗೆ ಬರುತ್ತವೆ.

ಇ) ಮನೆಯವರಿಗೆ ತಿಳಿಯಬಾರದೆಂದು ರೋಗಿಯು ಬಯಸುವ ಚಿಕಿತ್ಸೆ ಇದ್ದಲ್ಲಿ, ಆ ಭೇಟಿಯ ಸಮಯದಲ್ಲಿ ಆಭಾ ಸಂಖ್ಯೆ ನೀಡದಿರಲು ಮತ್ತು ಕಾಗದದ ಚೀಟಿಯನ್ನೇ ಕೇಳಿ ಪಡೆಯಲು ರೋಗಿಗೆ ಸ್ವಾತಂತ್ರ್ಯವಿದೆ.

ಈ) ಒ.ಟಿ.ಪಿ.ಯನ್ನು ದೂರವಾಣಿ ಕರೆ ಮಾಡಿ ಕೇಳುವ ಯಾರಿಗೂ ಹೇಳಬಾರದು. ಆಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ ಕೇಳಿದಲ್ಲಿ, ಅದು ಯಾವ ಕೆಲಸಕ್ಕೆ ಎಂದು ತಿಳಿದುಕೊಂಡೇ ಹೇಳತಕ್ಕದ್ದು.

ಉ) ಮೊಬೈಲ್ ಕಳೆದಲ್ಲಿ ಕೂಡಲೇ ಸಿಮ್ ಸ್ಥಗಿತಗೊಳಿಸಿ, ಬದಲಿ ಸಿಮ್ ಪಡೆದು ಪಾಸ್‌ವರ್ಡ್ ಬದಲಾಯಿಸುವುದು.

6. ಆಭಾ ಪಡೆಯುವ ಮತ್ತು ಸರಿಪಡಿಸುವ ವಿಧಾನ

ಆಭಾ ಜಾಲತಾಣ ಅಥವಾ ಆಭಾ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆಯನ್ನು ನಮೂದಿಸಿ, ಆಧಾರ್‌ಗೆ ಜೋಡಣೆಯಾದ ಮೊಬೈಲ್‌ಗೆ ಬರುವ ಒ.ಟಿ.ಪಿ. ಮೂಲಕ ದೃಢೀಕರಿಸಿ ಖಾತೆ ತೆರೆಯಬಹುದಾಗಿದೆ. ತದನಂತರ ಸಂಪರ್ಕದ ಮೊಬೈಲ್ ಸಂಖ್ಯೆ ನೀಡಿ, ಆಭಾ ವಿಳಾಸವನ್ನು ಆರಿಸಿಕೊಳ್ಳತಕ್ಕದ್ದು. ಆಧಾರ್‌ಗೆ ಮೊಬೈಲ್ ಜೋಡಣೆಯಾಗದಿದ್ದಲ್ಲಿ ಮೊದಲು ಆಧಾರ್ ನೋಂದಣಿ ಕೇಂದ್ರದಲ್ಲಿ ಜೋಡಣೆ ಮಾಡಿಸಿಕೊಳ್ಳುವುದು ಒಳಿತು. ಹೆಸರು ಮತ್ತು ಜನ್ಮ ದಿನಾಂಕ ಆಧಾರ್‌ನಲ್ಲಿ ತಪ್ಪಾಗಿದ್ದರೆ ಆಭಾದಲ್ಲಿಯೂ ತಪ್ಪಾಗಿಯೇ ಬರುತ್ತದೆ. ಆಸ್ಪತ್ರೆಯ ದಾಖಲೆಯೊಂದಿಗೆ ಹೋಲಿಕೆಯಾಗದೆ ಜೋಡಣೆ ತಪ್ಪಬಹುದು.

ಖಾತೆ ಬೇಡವಾದಲ್ಲಿ ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಲು ಅಥವಾ ಶಾಶ್ವತವಾಗಿ ಅಳಿಸಲು ಅವಕಾಶವಿದೆ. ಆದರೆ ಆಭಾ ಅಳಿಸಿದರೂ ಆಸ್ಪತ್ರೆಯಲ್ಲಿರುವ ಮೂಲ ದಾಖಲೆ ಅಳಿಯುವುದಿಲ್ಲ.

7. ಕಾನೂನಿನ ರಕ್ಷಣೆ

ಅ) ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶ್ರೀ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ದಿನಾಂಕ 24-08-2017ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ನೀಡಿದೆ.

ಆ) ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆ ನಿಯಮಾವಳಿ 2002ರ ಪ್ರಕಾರ ವೈದ್ಯರು ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದಲ್ಲಿ ಕೋರಿಕೆಗೆ ಸ್ವೀಕೃತಿ ನೀಡಿ, 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕು.

ಇ) ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ 2017ರ ಕಲಂ 23 ಮತ್ತು 25ರ ಅನ್ವಯ ಗೋಪ್ಯತೆಯ ಹಕ್ಕು ಹಾಗೂ ತಮ್ಮ ದಾಖಲೆಯನ್ನು ಪಡೆಯುವ ಹಕ್ಕು ಇರುತ್ತದೆ. ಎಚ್.ಐ.ವಿ. ಸೋಂಕಿತರ ಮಾಹಿತಿಗೆ 2017ರ ಪ್ರತ್ಯೇಕ ಅಧಿನಿಯಮದ ರಕ್ಷಣೆ ಇದ್ದು, ಅದು ದಿನಾಂಕ 10-09-2018ರಿಂದ ಜಾರಿಯಲ್ಲಿದೆ.

ಈ) ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 2023ಕ್ಕೆ ದಿನಾಂಕ 11-08-2023ರಂದು ರಾಷ್ಟ್ರಪತಿಗಳ ಅಂಕಿತ ದೊರೆತಿದೆ. ಇದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಿ, ಹಂತಹಂತವಾಗಿ ಜಾರಿಗೊಳಿಸುವಂತೆ ನಿಗದಿಪಡಿಸಲಾಗಿದೆ. ತಮ್ಮ ಮಾಹಿತಿಯ ವಿವರ ಪಡೆಯುವುದು, ತಪ್ಪು ತಿದ್ದಿಸುವುದು, ಅಳಿಸಲು ಕೋರುವುದು ಮತ್ತು ತಮ್ಮ ಪರವಾಗಿ ಒಬ್ಬರನ್ನು ನಾಮನಿರ್ದೇಶನ ಮಾಡುವುದು ಇದರಲ್ಲಿನ ಹಕ್ಕುಗಳಾಗಿವೆ. 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಅವಶ್ಯಕ. ಭದ್ರತಾ ಕ್ರಮ ಕೈಗೊಳ್ಳಲು ವಿಫಲವಾದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಲಾಗಿದೆ.

ಕಾನೂನು ಇದ್ದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. 2022ರ ನವೆಂಬರ್‌ನಲ್ಲಿ ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ 5 ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಸುಮಾರು 1.3 ಟೆರಾಬೈಟ್ ದತ್ತಾಂಶವು ಬಳಕೆಗೆ ಸಿಗದಂತಾಯಿತು. ಹೊರರೋಗಿ ನೋಂದಣಿಯನ್ನು ಹಲವು ದಿನ ಕೈಬರಹದಲ್ಲಿ ನಡೆಸಬೇಕಾಯಿತು. ಆದುದರಿಂದ ಮುಖ್ಯವಾದ ಕಾಗದಗಳ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಈಗಲೂ ಅವಶ್ಯಕ. ತಾಯಿ ಕಾರ್ಡ್, ಮಕ್ಕಳ ಲಸಿಕೆ ಕಾರ್ಡ್ ಮತ್ತು ಡಿಸ್ಚಾರ್ಜ್ ಸಾರಾಂಶಗಳನ್ನು ಎಸೆಯಬಾರದು.

8. ದಾಖಲೆಯ ಪ್ರತಿ ಕೋರುವ ಅರ್ಜಿಯ ನಮೂನೆ

ಆಭಾ ಇಲ್ಲದವರೂ ಬಿಳಿ ಹಾಳೆಯ ಮೇಲೆ ಈ ಕೆಳಗಿನಂತೆ ಅರ್ಜಿ ಸಲ್ಲಿಸಬಹುದಾಗಿದೆ.

ಇವರಿಗೆ,
ಆಡಳಿತ ವೈದ್ಯಾಧಿಕಾರಿಗಳು / ವೈದ್ಯಕೀಯ ಅಧೀಕ್ಷಕರು,
(ಆಸ್ಪತ್ರೆಯ ಹೆಸರು ಮತ್ತು ಸ್ಥಳ)

ವಿಷಯ: ನನ್ನ ವೈದ್ಯಕೀಯ ದಾಖಲೆಗಳ ಪ್ರತಿ ಒದಗಿಸುವ ಕುರಿತು.

ಮಾನ್ಯರೇ,
ನಾನು ದಿನಾಂಕ ____ ರಿಂದ ____ ರವರೆಗೆ ತಮ್ಮ ಆಸ್ಪತ್ರೆಯಲ್ಲಿ ಒಳರೋಗಿ / ಹೊರರೋಗಿಯಾಗಿ ಚಿಕಿತ್ಸೆ ಪಡೆದಿದ್ದು, ನನ್ನ ನೋಂದಣಿ ಸಂಖ್ಯೆ ____ ಆಗಿರುತ್ತದೆ. ಸದರಿ ಚಿಕಿತ್ಸೆಗೆ ಸಂಬಂಧಿಸಿದ ಪ್ರಕರಣ ಹಾಳೆ, ಪ್ರಯೋಗಾಲಯದ ವರದಿಗಳು ಮತ್ತು ಡಿಸ್ಚಾರ್ಜ್ ಸಾರಾಂಶದ ಪ್ರತಿಗಳನ್ನು 2002ರ ನಿಯಮಾವಳಿಯಂತೆ 72 ಗಂಟೆಗಳೊಳಗೆ ಒದಗಿಸಿ, ಈ ಅರ್ಜಿಗೆ ಸ್ವೀಕೃತಿ ನೀಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಹೆಸರು, ವಿಳಾಸ, ದಿನಾಂಕ)

ಲಗತ್ತು: ಗುರುತಿನ ಚೀಟಿಯ ಪ್ರತಿ. ರೋಗಿಯ ಪರವಾಗಿ ಬೇರೆಯವರು ಹೋಗುವುದಾದರೆ ರೋಗಿಯ ಒಪ್ಪಿಗೆ ಪತ್ರ.

ಸರ್ಕಾರಿ ಆಸ್ಪತ್ರೆಯಿಂದ ಉತ್ತರ ಬಾರದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇರುವುದಿಲ್ಲ. ಉತ್ತರಕ್ಕೆ 30 ದಿನಗಳ ಕಾಲಮಿತಿ ಇದ್ದು, ಜೀವಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆಗಳ ಮಿತಿ ಇರುತ್ತದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋಂದಣಿ ಕಿಟಕಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆದರೆ ನನ್ನ ಹಳೆಯ ದಾಖಲೆಗಳೆಲ್ಲ ಆಸ್ಪತ್ರೆಗೆ ಹೋಗುತ್ತವೆಯೇ?
ಉತ್ತರ: ಇಲ್ಲ. ಹೆಸರು, ವಯಸ್ಸು, ಲಿಂಗ, ವಿಳಾಸ, ಮೊಬೈಲ್ ಮುಂತಾದ ನೋಂದಣಿ ವಿವರಗಳು ಮಾತ್ರ ಹೋಗುತ್ತವೆ. ಹಳೆಯ ದಾಖಲೆಗೆ ಪ್ರತ್ಯೇಕ ಅನುಮತಿ ಬೇಕು.

ಪ್ರಶ್ನೆ: ಮಹಾರಾಷ್ಟ್ರದ ಆಸ್ಪತ್ರೆಯಲ್ಲಿ ಇಲ್ಲಿನ ಆಭಾ ನಡೆಯುತ್ತದೆಯೇ?
ಉತ್ತರ: ಆಭಾ ಸಂಖ್ಯೆಗೆ ರಾಜ್ಯದ ಗಡಿ ಇಲ್ಲ. ಆದರೆ ಎರಡೂ ಕಡೆಯ ಆಸ್ಪತ್ರೆಗಳು ಈ ಜಾಲಕ್ಕೆ ಸೇರಿರಬೇಕು. ಹೊರಡುವ ಮುನ್ನ ವಿಚಾರಿಸಿ, ಕಾಗದದ ಪ್ರತಿಗಳನ್ನೂ ಒಯ್ಯುವುದು ಸುರಕ್ಷಿತ.

ಪ್ರಶ್ನೆ: ನನಗೆ ಓದಲು ಬಾರದು. ಬೇರೆಯವರ ನೆರವು ಪಡೆಯಬಹುದೇ?
ಉತ್ತರ: ಪಡೆಯಬಹುದು. ಮನೆಯ ನಂಬಿಕಸ್ಥರು ಅಥವಾ ಆಶಾ ಕಾರ್ಯಕರ್ತೆಯರಿಂದ ಕೋರಿಕೆಯನ್ನು ಓದಿಸಿ, ಅರ್ಥ ಕೇಳಿ ತಿಳಿದುಕೊಳ್ಳತಕ್ಕದ್ದು. ಒಪ್ಪಬೇಕೇ ಬೇಡವೇ ಎಂಬ ತೀರ್ಮಾನ ಮಾತ್ರ ತಮ್ಮದೇ ಆಗಿರಬೇಕು.

ಪ್ರಶ್ನೆ: ಮಗನು ನನ್ನ ಚಿಕಿತ್ಸೆಯ ಖರ್ಚು ಭರಿಸುತ್ತಾನೆ. ಅವನು ನನ್ನ ದಾಖಲೆ ನೋಡಲು ಹಕ್ಕುಳ್ಳವನೇ?
ಉತ್ತರ: ಖರ್ಚು ಭರಿಸಿದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ವಯಸ್ಕ ರೋಗಿಯ ದಾಖಲೆಗೆ ಸಂಬಂಧಿಸಿದ ಅನುಮತಿಯನ್ನು ರೋಗಿಯೇ ನೀಡಬೇಕು. ಇದು ಪತಿ–ಪತ್ನಿಯರಿಗೂ ಅನ್ವಯಿಸುತ್ತದೆ.

ಪ್ರಶ್ನೆ: ವಿಮಾ ಸಂಸ್ಥೆಯು ಎಲ್ಲ ದಾಖಲೆಗಳನ್ನು ಕೇಳುತ್ತಿದೆ. ಏನು ಮಾಡಬೇಕು?
ಉತ್ತರ: ಕ್ಲೇಮಿಗೆ ಸಂಬಂಧಿಸಿದ ಚಿಕಿತ್ಸೆಯ ದಾಖಲೆ ಯಾವುದು ಎಂದು ಲಿಖಿತವಾಗಿ ಕೇಳಿ, ಅಷ್ಟಕ್ಕೆ ಅನುಮತಿ ನೀಡುವುದು. ಪಾಲಿಸಿಯ ಷರತ್ತುಗಳನ್ನು ಓದಿ ನೋಡತಕ್ಕದ್ದು.

10. ದೂರು ಸಲ್ಲಿಸುವ ವಿಧಾನ

ಅನುಮತಿಯಿಲ್ಲದೆ ದಾಖಲೆಯನ್ನು ಬಹಿರಂಗಪಡಿಸಿದಲ್ಲಿ ಅಥವಾ ದಾಖಲೆಯ ಪ್ರತಿ ನಿರಾಕರಿಸಿದಲ್ಲಿ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಕೆಳಕಂಡವರನ್ನು ಸಂಪರ್ಕಿಸಬಹುದಾಗಿದೆ.

ಅ) ಸರ್ಕಾರಿ ಆಸ್ಪತ್ರೆಗಳ ಬಗ್ಗೆ: ಸಂಬಂಧಪಟ್ಟ ತಾಲ್ಲೂಕು ಆರೋಗ್ಯಾಧಿಕಾರಿಗಳು, ನಂತರ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ವಿಜಯಪುರ.

ಆ) ಖಾಸಗಿ ಆಸ್ಪತ್ರೆಗಳ ಬಗ್ಗೆ: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ.

ಇ) ವೈದ್ಯರ ವೃತ್ತಿ ನಡವಳಿಕೆಯ ಬಗ್ಗೆ: ಕರ್ನಾಟಕ ವೈದ್ಯಕೀಯ ಪರಿಷತ್ತು, ಬೆಂಗಳೂರು.

ಈ) ಆಭಾ ಖಾತೆಯ ಬಗ್ಗೆ: ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಉಚಿತ ಸಹಾಯವಾಣಿ 1800-11-4477.

ಉ) ಒ.ಟಿ.ಪಿ. ಮೂಲಕ ಹಣ ವಂಚನೆಯಾದಲ್ಲಿ: ಸೈಬರ್ ಅಪರಾಧ ಸಹಾಯವಾಣಿ 1930.

ದೂರಿನೊಂದಿಗೆ ಘಟನೆಯ ದಿನಾಂಕ, ಕೋರಿಕೆಯ ಸಂದೇಶದ ಚಿತ್ರ ಮತ್ತು ಸ್ವೀಕೃತಿಯ ಪ್ರತಿಯನ್ನು ಲಗತ್ತಿಸುವುದು.

11. ಕೊನೆಯದಾಗಿ

ಆಭಾ ಸಂಖ್ಯೆಯನ್ನು ಪಡೆಯುವುದು ಕೆಲವೇ ನಿಮಿಷಗಳ ಕೆಲಸ. ಆದರೆ ಅದರ ಮೇಲಿನ ನಿಯಂತ್ರಣವು ಸ್ವಂತ ಮೊಬೈಲ್ ಸಂಖ್ಯೆ, ಗುಟ್ಟಾಗಿಟ್ಟ ಪಾಸ್‌ವರ್ಡ್ ಮತ್ತು ಓದಿ ತಿಳಿದು ಕೊಟ್ಟ ಅನುಮತಿ ಈ ಮೂರನ್ನು ಅವಲಂಬಿಸಿರುತ್ತದೆ. ಸಾರ್ವಜನಿಕರು ತಮ್ಮ ಖಾತೆಗೆ ಜೋಡಣೆಯಾಗಿರುವ ಮೊಬೈಲ್ ಸಂಖ್ಯೆ ಯಾರದೆಂಬುದನ್ನು ಒಮ್ಮೆ ಪರಿಶೀಲಿಸಿಕೊಳ್ಳಬೇಕೆಂದು ಈ ಮೂಲಕ ಕೋರಲಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಅಧಿನಿಯಮ ಹಾಗೂ ನಿಯಮಗಳ ಮೂಲ ಪಠ್ಯವೇ ಅಧಿಕೃತವಾಗಿರುತ್ತದೆ.